ನೀರಿಗಿಳಿಸಿದ ಮೇಲೆಯೇ ಬೆಲೆ

ಕೆರೆಯಲ್ಲಿ ಮುಳುಗಿ ಕುಳಿತ ಎಮ್ಮೆಗೆ ದಂಡೆಯ ಮೇಲೆ ನಿಂತು ಬೆಲೆ ಕಟ್ಟಬಾರದೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಕೊಂಬು, ಕೆಚ್ಚಲು, ಕಾಲುಗಳೆಲ್ಲ ಕಣ್ಣಿಗೆ ಕಾಣಬೇಕು. ಆಮೇಲೆಯೇ ವ್ಯಾಪಾರದ ಮಾತು. ಆದರೆ ಇದಕ್ಕೆ ತೀರ ತಿರುಗುಮುರುಗಾದ ಸರಕೂ ಒಂದುಂಟು. ದಂಡೆಯ ಮೇಲೆ ಅದನ್ನು ಎಷ್ಟು ಹೊತ್ತು ನೋಡಿದರೂ ಗುಣದೋಷಗಳಲ್ಲಿ ಅರ್ಧ ಮಾತ್ರ ತಿಳಿದೀತು. ಉಳಿದರ್ಧ ತಿಳಿಯಬೇಕಾದರೆ ಅದನ್ನು ನೀರಿಗೆ ಇಳಿಸಲೇಬೇಕು. ಅಂತಹ ಒಂದು ಯಂತ್ರವನ್ನು, ಅದೂ ಬೇರೊಬ್ಬರು ಹತ್ತು ವರ್ಷ ಬಳಸಿದುದನ್ನು, ಕೊಳ್ಳುವುದಕ್ಕೆ ಮುಂಚೆ ಪರೀಕ್ಷಿಸುವ ಸಂದರ್ಭವು 2022ರ ಬೇಸಿಗೆಯಲ್ಲಿ ನನಗೆ ಒದಗಿತು. ವಿದೇಶಗಳಲ್ಲಿ ನೆಲೆಸಿರುವ ನಮ್ಮ ಮಕ್ಕಳ ಮನೆಗಳಲ್ಲಿ ಇಂತಹ ಪ್ರಸಂಗ ಈಗ ಅಪರೂಪವಲ್ಲವಾದುದರಿಂದ ಆ ಅನುಭವವನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇನೆ.

ಮಲ್ಪೆ, ಮುರ್ಡೇಶ್ವರಗಳ ಕಡಲತೀರಕ್ಕೆ ಹೋದವರು ಆ ವಾಹನವನ್ನು ನೋಡಿಯೇ ಇರುತ್ತಾರೆ. ಮೋಟಾರು ಬೈಕಿನ ಮೇಲೆ ಕೂರುವಂತೆ ಎರಡೂ ಬದಿಗೆ ಕಾಲು ಹಾಕಿ ಕುಳಿತು, ಹ್ಯಾಂಡಲ್ ಹಿಡಿದು, ನೀರಿನ ಮೇಲೆ ಓಡಿಸುವ ಪುಟ್ಟ ದೋಣಿಯದು. ಜನ ಅದನ್ನು ಜೆಟ್ ಸ್ಕೀ ಎಂದು ಕರೆಯುತ್ತಾರೆ. ನಿಜಕ್ಕೂ ಅದು ಜಪಾನಿನ ಕವಾಸಕಿ ಸಂಸ್ಥೆಯು 1970ರ ದಶಕದಲ್ಲಿ ತನ್ನ ವಾಹನಕ್ಕಿಟ್ಟ ವ್ಯಾಪಾರನಾಮ. ಕೆನಡಾದ ಬೊಂಬಾರ್ಡಿಯರ್ ಸಂಸ್ಥೆಯು 1968ರಲ್ಲಿಯೇ ಸೀ-ಡೂ ಎಂಬ ಹೆಸರಿನಲ್ಲಿ ಇಂತಹುದೊಂದನ್ನು ಹೊರತಂದಿತ್ತು. ಯಮಹಾದವರು ತಮ್ಮದನ್ನು ವೇವ್‌ರನ್ನರ್ ಎನ್ನುತ್ತಾರೆ. ಆದರೆ ಯಾವ ಕಂಪನಿಯ ವನಸ್ಪತಿಯನ್ನು ತಂದರೂ ನಮ್ಮ ಮನೆಗಳಲ್ಲಿ ಡಾಲ್ಡಾ ಎಂದಂತೆ, ಇವೆಲ್ಲವೂ ಜನರ ಬಾಯಲ್ಲಿ ಜೆಟ್ ಸ್ಕೀಗಳೇ ಆಗಿವೆ.

ನನ್ನ ಮಗ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ, ಡೆಟ್ರಾಯಿಟ್ ನಗರದ ಹೊರವಲಯದಲ್ಲಿ ನೆಲೆಸಿದ್ದಾನೆ. ಸುತ್ತಲೂ ಮಹಾಸರೋವರಗಳು, ಒಳನಾಡಿನಲ್ಲಿಯೂ 11,000ಕ್ಕೂ ಹೆಚ್ಚು ಸರೋವರಗಳಿರುವ ರಾಜ್ಯವದು. ಚಳಿಗಾಲದಲ್ಲಿ ಹೆಪ್ಪುಗಟ್ಟುವ ಆ ನೀರು ಕರಗಿ ಬೇಸಿಗೆ ಬಂತೆಂದರೆ ಜನರು ಮನೆಯಲ್ಲಿ ನಿಲ್ಲುವುದಿಲ್ಲ. ಹದಿನೈದು ವರ್ಷದ ನನ್ನ ಮೊಮ್ಮಗನಿಗೆ ಗೆಳೆಯರಂತೆ ತಾನೂ ಜೆಟ್ ಸ್ಕೀ ಓಡಿಸಬೇಕೆಂಬ ಹಂಬಲ. ಹೊಸದರ ಬೆಲೆ ಸಣ್ಣ ಕಾರಿನ ಬೆಲೆಗೆ ಸಮೀಪವಾದುದರಿಂದ ಮಗ ಹಳೆಯದನ್ನು ಹುಡುಕುತ್ತಿದ್ದ. ಸೊಸೆಗೆ ಮಾತ್ರ ಇದು ಸುತರಾಂ ಇಷ್ಟವಿರಲಿಲ್ಲ. "ಮಾವ, ಹಣ ಹೋದರೆ ಹೋಗಲಿ, ಮಗುವಿಗೆ ಏನಾದರೂ ಆದರೆ ಏನು ಮಾಡೋಣ? ನೀವಾದರೂ ಇವರಿಗೆ ಹೇಳಿ" ಎಂದು ಆಕೆ ನನ್ನ ಬಳಿ ಹೇಳಿಕೊಂಡಳು. ಮಗನೂ ನನ್ನನ್ನೇ ಹಿಡಿದುಕೊಂಡ. "ಅಪ್ಪಾಜಿ, ಮೂವತ್ತೆರಡು ವರ್ಷ ಹುಡುಗರಿಗೆ ಪಂಪ್‌ಸೆಟ್ ಬಿಚ್ಚಿ ಜೋಡಿಸುವುದನ್ನು ಕಲಿಸಿದವರು ನೀವು. ಇದೂ ಒಂದು ಪಂಪೇ. ನೀವು ಬಂದು ನೋಡಿ, ಬೇಡವೆಂದರೆ ಬೇಡ."

ಅವನ ಮಾತಿನಲ್ಲಿ ಅತಿಶಯವೇನೂ ಇರಲಿಲ್ಲ. ನಾನು ದಾವಣಗೆರೆಯ ಪಾಲಿಟೆಕ್ನಿಕ್ ಒಂದರ ಕಾರ್ಯಾಗಾರದಲ್ಲಿ ಬೋಧಕನಾಗಿದ್ದವನು. ಜೆಟ್ ಸ್ಕೀಗೆ ದೋಣಿಗಳಿಗಿರುವಂತೆ ಹೊರಗೆ ತಿರುಗುವ ರೆಕ್ಕೆಯಿಲ್ಲ. ಒಡಲಿನ ತಳದಲ್ಲಿರುವ ಜಾಲರಿಯ ಮೂಲಕ ನೀರನ್ನು ಒಳಗೆಳೆದು, ಇಂಪೆಲ್ಲರ್ ಎಂಬ ತಿರುಗುಚಕ್ರದಿಂದ ದೂಡಿ, ಹಿಂಬದಿಯ ಕಿರಿದಾದ ಮೂತಿಯಿಂದ ಅದನ್ನು ಬಲವಾಗಿ ಚಿಮ್ಮಿಸುತ್ತದೆ. ನೀರು ಹಿಂದಕ್ಕೆ ಹೋದಷ್ಟೇ ಬಲದಿಂದ ವಾಹನ ಮುಂದಕ್ಕೆ ಹೋಗುತ್ತದೆ. ಹ್ಯಾಂಡಲ್ ತಿರುಗಿಸಿದರೆ ಆ ಮೂತಿ ಎಡಕ್ಕೋ ಬಲಕ್ಕೋ ಹೊರಳುತ್ತದೆ, ವಾಹನವೂ ತಿರುಗುತ್ತದೆ. ನ್ಯೂಜಿಲೆಂಡಿನ ವಿಲಿಯಂ ಹ್ಯಾಮಿಲ್ಟನ್ ಎಂಬ ಎಂಜಿನಿಯರು ತನ್ನ ನಾಡಿನ ಆಳವಿಲ್ಲದ, ಕಲ್ಲುಗಳಿಂದ ತುಂಬಿದ ನದಿಗಳಲ್ಲಿ ದೋಣಿ ನಡೆಸುವ ಸಲುವಾಗಿ 1950ರ ದಶಕದಲ್ಲಿ ಈ ವಿಧಾನವನ್ನು ಬಳಕೆಗೆ ತಂದ. ನಮ್ಮ ಹೊಲದ ಪಂಪು ನೀರನ್ನು ಎತ್ತಿ ಗದ್ದೆಗೆ ಬಿಡುತ್ತದೆ. ಈ ಪಂಪು ನೀರನ್ನು ದೂಡಿ ತಾನೇ ಓಡುತ್ತದೆ. ವ್ಯತ್ಯಾಸ ಇಷ್ಟೇ.

ನಾವು ಮೊದಲು ನೋಡಿದ ವಾಹನ ಮನೆಯಿಂದ ಅರ್ಧ ಗಂಟೆಯ ದೂರದಲ್ಲಿತ್ತು. ಮನೆಯಂಗಳದಲ್ಲಿ ಟ್ರೇಲರಿನ ಮೇಲೆ ನಿಲ್ಲಿಸಿದ್ದ ಅದು ಮದುವೆಯ ಕುದುರೆಯ ಹಾಗೆ ಹೊಳೆಯುತ್ತಿತ್ತು. ಮೊಮ್ಮಗ ಕಾರಿನಿಂದ ಇಳಿಯುವ ಮೊದಲೇ ಅದಕ್ಕೆ ಮನಸೋತಿದ್ದ. ಮಾರುವವನು ಮಾತುಗಾರ. ತೋಟಕ್ಕೆ ನೀರು ಹಾಯಿಸುವ ಕೊಳವೆಯನ್ನು ಜೋಡಿಸಿ ಎಂಜಿನ್ ಚಾಲೂ ಮಾಡಿ, ಅರ್ಧ ನಿಮಿಷ ಓಡಿಸಿ ನಿಲ್ಲಿಸಿ, "ಸದ್ದು ಕೇಳಿದಿರಲ್ಲ?" ಎಂದ. ಕೇಳಿದೆವು. ಆದರೆ ನೀರೆತ್ತುವ ಭಾರವಿಲ್ಲದೆ ಬರಿದೇ ಓಡುವ ಪಂಪ್‌ಸೆಟ್ಟಿನ ಸದ್ದು ಯಾವಾಗಲೂ ಇಂಪಾಗಿಯೇ ಇರುತ್ತದೆಂಬುದು ಹಳ್ಳಿಯ ರೈತನಿಗೂ ತಿಳಿದ ವಿಷಯ.

ಅವನು ಚಾಲೂ ಮಾಡುವ ಮೊದಲೇ ನಾನು ಆಸನವನ್ನು ಎತ್ತಿಸಿ ಎಂಜಿನ್ನಿನ ಮೇಲೆ ಕೈಯಿಟ್ಟು ನೋಡಿದ್ದೆ. ಅದು ಬೆಚ್ಚಗಿತ್ತು. ಎಂದರೆ, ನಾವು ಬರುವ ಮುನ್ನವೇ ಅದನ್ನು ಒಮ್ಮೆ ಓಡಿಸಿದ್ದಾರೆಂದಾಯಿತು. ತಣ್ಣಗಿರುವ ಎಂಜಿನ್ ಎಷ್ಟು ಸಲೀಸಾಗಿ ಚಾಲೂ ಆಗುತ್ತದೆಂಬುದು ಕೊಳ್ಳುವವನು ಕಣ್ಣಾರೆ ಕಾಣಬೇಕಾದ ಮೊದಲ ಸಂಗತಿ. ಬೆಚ್ಚಗೆ ಮಾಡಿಟ್ಟವರಲ್ಲಿ ಎಲ್ಲರೂ ಮೋಸಗಾರರೆಂದು ಹೇಳಲಾಗದು. ಆದರೆ ಆ ಪರೀಕ್ಷೆ ಅಂದು ನಮಗೆ ತಪ್ಪಿಹೋಯಿತೆಂಬುದಂತೂ ನಿಶ್ಚಯ.

ಎರಡನೆಯದಾಗಿ, ವಾಹನವನ್ನು ಸರೋವರದ ಸಿಹಿನೀರಿನಲ್ಲಿ ಮಾತ್ರ ಬಳಸಿದ್ದೆಂದು ಅವನು ಹೇಳಿದ. ಒಳಗೆ ಬ್ಯಾಟರಿ ದೀಪ ಹಿಡಿದು ನೋಡಿದರೆ ಅಲ್ಯೂಮಿನಿಯಂ ಭಾಗಗಳ ಸಂದುಗಳಲ್ಲಿ ಸುಣ್ಣದಂತಹ ಬಿಳಿಯ ಪುಡಿ ಕಟ್ಟಿತ್ತು. ಕೊಳವೆಗಳನ್ನು ಬಿಗಿದಿದ್ದ ಕ್ಲಿಪ್ಪುಗಳು ತುಕ್ಕು ಹಿಡಿದಿದ್ದವು. ಕಡಲನೀರು ಕುಡಿದ ಯಂತ್ರದ ಲಕ್ಷಣಗಳಿವು. ಇಂತಹ ಅನೇಕ ವಾಹನಗಳು ತಂಪಿಗಾಗಿ ಹೊರಗಿನ ನೀರನ್ನೇ ಎಂಜಿನ್ನಿನ ಸುತ್ತ ಹರಿಸಿಕೊಳ್ಳುತ್ತವೆ. ಉಪ್ಪುನೀರಿನಲ್ಲಿ ಓಡಿಸಿದ ಪ್ರತಿ ಸಲವೂ ಸಿಹಿನೀರಿನಿಂದ ಒಳಗೆಲ್ಲ ತೊಳೆಯದಿದ್ದರೆ ಉಪ್ಪು ಅಲ್ಲಿಯೇ ಕುಳಿತು ಲೋಹವನ್ನು ತಿನ್ನುತ್ತದೆ.

ಮೂರನೆಯದು ಒಡಲಿನ ಗುರುತಿನ ಸಂಖ್ಯೆ. ಅಮೆರಿಕದಲ್ಲಿ 1972ರಿಂದ ಈಚಿನ ಪ್ರತಿಯೊಂದು ದೋಣಿಯ ಹಿಂಬದಿಯಲ್ಲಿಯೂ 12 ಅಕ್ಷರ-ಅಂಕಿಗಳ ಒಂದು ಗುರುತನ್ನು ಕೆತ್ತಿರಬೇಕೆಂಬುದು ಕಾನೂನು. ಮೊದಲ ಮೂರು ತಯಾರಕರನ್ನು ಸೂಚಿಸುತ್ತವೆ. ಈಗಿನ ಪದ್ಧತಿಯಲ್ಲಿ ಕೊನೆಯ ಎರಡು ಅಂಕಿಗಳು ಯಾವ ವರ್ಷದ ಮಾದರಿಯೆಂಬುದನ್ನು ಹೇಳುತ್ತವೆ. 2011ರ ಮಾದರಿಯೆಂದು ಮಾರುತ್ತಿದ್ದ ಆ ವಾಹನದ ಗುರುತು 09 ಎಂದು ಮುಗಿಯುತ್ತಿತ್ತು.

ಕೊನೆಗೆ ಎಣ್ಣೆಯ ಕಡ್ಡಿಯನ್ನು ಹೊರಗೆಳೆದು ಬಿಳಿಯ ಬಟ್ಟೆಗೆ ಒರೆಸಿದೆ. ಎಣ್ಣೆ ಹಾಲು ಹೆಚ್ಚಾದ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಎಣ್ಣೆಗೆ ನೀರು ಸೇರಿದೆಯೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಆ ನೀರು ಎಲ್ಲಿಂದ ಬಂದಿತೆಂಬುದು ಬಿಚ್ಚಿ ನೋಡಿದ ಹೊರತು ತಿಳಿಯದು. ವಾಹನ ಮಗುಚಿ ನೀರು ಕುಡಿದಿರಬಹುದು. ಇಲ್ಲವೇ, ಚಳಿಗಾಲಕ್ಕೆ ಮುನ್ನ ಒಳಗಿನ ನೀರನ್ನು ಬಸಿದು ಹೆಪ್ಪುಗಟ್ಟದ ದ್ರವವನ್ನು ತುಂಬದೇ ಹೋದುದರಿಂದ ಬಿರುಕು ಬಿಟ್ಟಿರಬಹುದು. ನೀರು ಮಂಜುಗಡ್ಡೆಯಾಗುವಾಗ ಸುಮಾರು ನೂರಕ್ಕೆ ಒಂಬತ್ತು ಪಾಲು ಹಿಗ್ಗುತ್ತದೆ. ಆ ಹಿಗ್ಗುವಿಕೆಗೆ ಎರಕದ ಲೋಹವೂ ಸೀಳುತ್ತದೆ.

ಸರೋವರಕ್ಕೆ ಒಯ್ದು ಓಡಿಸಿ ನೋಡಬಹುದೇ ಎಂದು ಮಗ ಕೇಳಿದ. ಅದಕ್ಕೆ ಸಮಯವಿಲ್ಲ, ಸಂಜೆ ಬೇರೊಬ್ಬರು ಬರುವವರಿದ್ದಾರೆ, ಈಗಲೇ ಒಪ್ಪಿದರೆ 1,000 ಡಾಲರ್ ಇಳಿಸುತ್ತೇನೆ ಎಂಬ ಉತ್ತರ ಬಂತು. ಮೊಮ್ಮಗ ನನ್ನ ಮುಖವನ್ನೇ ನೋಡುತ್ತಿದ್ದ. ಮಗನೂ ಒಂದು ಗಳಿಗೆ ತಡವರಿಸಿದ. ನಾನು ಕನ್ನಡದಲ್ಲಿ, "ನೋಡುವುದಕ್ಕೇ ಬಿಡುವು ಕೊಡದವರು ಕೊಂಡ ಮೇಲೆ ಏನು ಕೊಡುತ್ತಾರೆ, ನಡೆಯಪ್ಪ" ಎಂದೆ. ಮೂವರೂ ಕಾರು ಹತ್ತಿದೆವು. ದಾರಿಯುದ್ದಕ್ಕೂ ಹುಡುಗ ಮಾತನಾಡಲಿಲ್ಲ.

ಎರಡು ವಾರಗಳ ಅನಂತರ ಹೋಟನ್ ಸರೋವರದ ದಂಡೆಯಿಂದ ಇನ್ನೊಂದು ಸುದ್ದಿ ಬಂತು. ಮಗನ ಮನೆಯಿಂದ ಉತ್ತರಕ್ಕೆ ಸುಮಾರು ಮೂರು ಗಂಟೆಯ ಹಾದಿ. ಮಿಷಿಗನ್ನಿನ ಒಳನಾಡಿನ ಸರೋವರಗಳಲ್ಲಿ ಅದೇ ಅತಿ ದೊಡ್ಡದು, ಸುಮಾರು 20,000 ಎಕರೆ. ನಮ್ಮ ಚನ್ನಗಿರಿಯ ಶಾಂತಿಸಾಗರಕ್ಕಿಂತಲೂ ವಿಶಾಲ. ಆದರೆ ಆಳ ಕಡಿಮೆ. ಮಾರುತ್ತಿದ್ದವರು ವೃದ್ಧ ದಂಪತಿಗಳು. ಮೊಮ್ಮಕ್ಕಳು ದೊಡ್ಡವರಾಗಿ ದೂರ ಹೋದುದರಿಂದ ಓಡಿಸುವವರಿಲ್ಲವೆಂದು ಹೇಳಿದರು.

ಈ ವಾಹನ ಹೊಳೆಯುತ್ತಿರಲಿಲ್ಲ. ಆಸನದ ಹೊಲಿಗೆ ಬಿಟ್ಟಿತ್ತು, ಬಣ್ಣ ಬಿಸಿಲಿಗೆ ಮಾಸಿತ್ತು. ಆದರೆ ಅದರ ಜೊತೆಯಲ್ಲಿ ಒಂದು ಹಳೆಯ ನೋಟುಪುಸ್ತಕವಿತ್ತು. 2012ರಲ್ಲಿ ಕೊಂಡ ದಿನದಿಂದ ಹಿಡಿದು ಎಣ್ಣೆ ಬದಲಿಸಿದ್ದು, ಸ್ಪಾರ್ಕ್ ಪ್ಲಗ್ ಹಾಕಿಸಿದ್ದು, ಪ್ರತಿ ವರ್ಷ ಶರತ್ಕಾಲದಲ್ಲಿ ನೀರು ಬಸಿದದ್ದು, ಆಗ ಗಂಟೆಯ ಮೀಟರು ತೋರಿಸಿದ ಅಂಕಿ, ಎಲ್ಲವನ್ನೂ ಆ ಯಜಮಾನರು ದಿನಾಂಕ ಸಹಿತ ಬರೆದಿಟ್ಟಿದ್ದರು. ಹತ್ತು ವರ್ಷಕ್ಕೆ ಒಟ್ಟು 214 ಗಂಟೆ. ಇಂತಹ ವಾಹನದ ವಯಸ್ಸನ್ನು ಮೈಲಿಗಳಲ್ಲಿ ಅಳೆಯುವುದಿಲ್ಲ, ಓಡಿದ ಗಂಟೆಗಳಲ್ಲಿ ಅಳೆಯುತ್ತಾರೆ. ಗಂಟೆ ಹೆಚ್ಚಾಯಿತೆಂದು ಹೆದರಬೇಕಾಗಿಲ್ಲ. ವರ್ಷಗಟ್ಟಲೆ ಮೂಲೆಯಲ್ಲಿ ನಿಂತು ಪೆಟ್ರೋಲು ಕೆಟ್ಟು ಹೋದ ವಾಹನಕ್ಕಿಂತ ಕ್ರಮವಾಗಿ ಓಡಿ, ಕ್ರಮವಾಗಿ ಆರೈಕೆ ಪಡೆದ ವಾಹನವೇ ಮೇಲು. ಇಟ್ಟುಕೊಂಡವರ ನಡೆಯೇ ಯಂತ್ರದ ಆರೋಗ್ಯವೆಂಬುದು ನನ್ನ ಕಾರ್ಯಾಗಾರದ ಅನುಭವ.

ಹಾಗೆಂದು ನೋಟುಪುಸ್ತಕವನ್ನು ನಂಬಿ ಪರೀಕ್ಷೆಯನ್ನು ಬಿಡಲಾದೀತೆ? ಆಸನವನ್ನು ಎತ್ತಿ ಐದು ನಿಮಿಷ ಹಾಗೆಯೇ ಬಿಟ್ಟೆವು. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದುದರಿಂದ ಒಡಲಿನ ತಳದಲ್ಲಿ ಕೂತಿರುತ್ತದೆ. ಸೋರಿಕೆಯಿರುವ ವಾಹನವನ್ನು ಮುಚ್ಚಿದಂತೆಯೇ ಚಾಲೂ ಮಾಡಿದರೆ ಒಂದು ಕಿಡಿಯಿಂದ ಅನಾಹುತವಾಗಬಹುದು. ವಾಸನೆಯಿಲ್ಲವೆಂದು ಖಚಿತಪಡಿಸಿಕೊಂಡೆವು. ಎಂಜಿನ್ ತಣ್ಣಗಿತ್ತು, ಎಣ್ಣೆ ಕಂದಾಗಿದ್ದರೂ ತಿಳಿಯಾಗಿತ್ತು. ಅಲ್ಲಿಯ ಬಿಡಿಭಾಗಗಳ ಅಂಗಡಿಗಳಲ್ಲಿ ಠೇವಣಿ ಇಟ್ಟುಕೊಂಡು ಉಪಕರಣಗಳನ್ನು ಎರವಲು ಕೊಡುವ ರೂಢಿಯಿದೆ. ಹಾಗೆ ತಂದ ಕಂಪ್ರೆಷನ್ ಗೇಜಿನಿಂದ ಮೂರು ಸಿಲಿಂಡರುಗಳ ಒತ್ತಡವನ್ನೂ ಅಳೆದೆವು. ಇಲ್ಲಿ ನೋಡಬೇಕಾದುದು ಅಂಕಿ ಎಷ್ಟು ದೊಡ್ಡದೆಂದಲ್ಲ, ಮೂರೂ ಒಂದಕ್ಕೊಂದು ಸಮೀಪವಾಗಿವೆಯೇ ಎಂದು. ನೂರಕ್ಕೆ ಹತ್ತರಷ್ಟು ಅಂತರ ಕಂಡರೆ ಎಚ್ಚರಿಕೆ ಬೇಕು. ಇದರಲ್ಲಿ ಐದು ಪೌಂಡಿನ ಒಳಗೇ ಇತ್ತು.

ಬಳಿಕ ನಾನು ಟ್ರೇಲರಿನ ಕೆಳಗೆ ಅಂಗಾತ ಮಲಗಿ ತಳದ ಜಾಲರಿಯ ಮೂಲಕ ದೀಪ ಹಾಯಿಸಿದೆ. ಅರವತ್ತೆಂಟರ ಮುದುಕ ನೆಲದ ಮೇಲೆ ಮಲಗುವುದನ್ನು ಕಂಡು ಆ ಮನೆಯ ಅಜ್ಜಿ ಓಡಿಹೋಗಿ ಒಂದು ಚಾಪೆಯನ್ನು ತಂದುಕೊಟ್ಟರು. ಇಂಪೆಲ್ಲರಿನ ಒಂದು ಅಲಗಿನ ಅಂಚು ಕಲ್ಲು ತಾಗಿ ಸ್ವಲ್ಪ ಮುಕ್ಕಾಗಿತ್ತು. ಅದರ ಸುತ್ತ ಇರುವ ಬಳೆಯಂತಹ ವೇರ್ ರಿಂಗಿಗೂ ಅಲಗಿಗೂ ನಡುವೆ ದಪ್ಪ ಕಾಗದದಷ್ಟು ಮಾತ್ರ ಸಂದಿರಬೇಕು. ಇಲ್ಲಿ ಅದಕ್ಕಿಂತ ಹೆಚ್ಚಾಗಿತ್ತು. ನಮ್ಮ ಕಡೆ ಮರಳು ನೀರೆಳೆದ ಪಂಪುಗಳಲ್ಲಿ ನಾನು ನೂರಾರು ಸಲ ಕಂಡ ಸವೆತವೇ ಅದು. ಯಜಮಾನರನ್ನು ಕೇಳಿದರೆ ಮರೆಮಾಚದೆ, "ಎರಡು ವರ್ಷದ ಹಿಂದೆ ಮೊಮ್ಮಗ ದಂಡೆಯ ಹತ್ತಿರ ಓಡಿಸಿ ಮರಳೆಳೆದ" ಎಂದು ಹೇಳಿದರು. ಎರಡು ಅಡಿಗಿಂತ ಕಡಿಮೆ ಆಳದಲ್ಲಿ ನಿಧಾನಗತಿಯ ಹೊರತು ಓಡಿಸಬಾರದೆಂದು ಆ ರಾಜ್ಯದಲ್ಲಿ ಕಾನೂನೇ ಇದೆ. ಅದು ಪಂಪಿಗೂ ಹಿತ, ತೀರದಲ್ಲಿ ಆಡುವ ಮಕ್ಕಳಿಗೂ ಹಿತ.

ಇಷ್ಟಾದ ಮೇಲೆ ವಾಹನವನ್ನು ನೀರಿಗಿಳಿಸಿದೆವು. ಆ ರಾಜ್ಯದಲ್ಲಿ 1978ನೆಯ ಇಸವಿಯ ಡಿಸೆಂಬರ್ 31ರ ನಂತರ ಹುಟ್ಟಿದವರು ಜೆಟ್ ಸ್ಕೀ ಓಡಿಸಬೇಕಾದರೆ ದೋಣಿ ಸುರಕ್ಷತೆಯ ಪ್ರಮಾಣಪತ್ರ ಪಡೆದಿರಬೇಕು. ಮಗನೂ ಮೊಮ್ಮಗನೂ ಆ ಪಾಠವನ್ನು ಮುಗಿಸಿದ್ದರು. ಲೈಫ್ ಜಾಕೆಟ್ ಧರಿಸಿ, ಎಂಜಿನ್ ನಿಲ್ಲಿಸುವ ಗುಂಡಿಯ ಹಗ್ಗವನ್ನು ಮಣಿಕಟ್ಟಿಗೆ ಕಟ್ಟಿಕೊಂಡು ಮಗ ಹೊರಟ. ಓಡಿಸುವವನು ನೀರಿಗೆ ಬಿದ್ದರೆ ಆ ಹಗ್ಗ ಕಳಚಿ ಎಂಜಿನ್ ತಾನಾಗಿ ನಿಲ್ಲುತ್ತದೆ. ಅದು ನಿಜಕ್ಕೂ ಕೆಲಸ ಮಾಡುವುದೇ ಎಂದು ದಂಡೆಯ ಬಳಿಯಲ್ಲಿಯೇ ಮೂರು ಸಲ ಎಳೆದು ನೋಡಿದೆವು. ಪರೀಕ್ಷೆಗಳಲ್ಲೆಲ್ಲ ಬಿಡಿಗಾಸಿನ ಖರ್ಚಿಲ್ಲದ, ಆದರೆ ಎಲ್ಲಕ್ಕಿಂತ ಬೆಲೆಬಾಳುವ ಪರೀಕ್ಷೆ ಇದು.

ಮೊದಲು ಹತ್ತು ನಿಮಿಷ ನಿಧಾನವಾಗಿ ಓಡಿಸಿದ. ಅನಂತರ ಪೂರ್ಣ ವೇಗಕ್ಕೆ ಏರಿಸಿದಾಗ ದಂಡೆಯ ಮೇಲಿದ್ದ ನನಗೆ ಎಂಜಿನ್ನಿನ ಸದ್ದು ಫಕ್ಕನೆ ಮೇಲಕ್ಕೇರಿದುದು ಕೇಳಿಸಿತು. ವಾಹನ ಮಾತ್ರ ಒಂದೆರಡು ಸೆಕೆಂಡು ತಡವಾಗಿ ಮುನ್ನುಗ್ಗಿತು. ಮಗ ಹಿಂದಿರುಗಿ, "ಅಪ್ಪಾಜಿ, ಕ್ಲಚ್ ಜಾರುವ ಬೈಕಿನ ಹಾಗೆ ಆಗುತ್ತಿದೆ" ಎಂದ. ಸವೆದ ವೇರ್ ರಿಂಗಿನ ಸಂದಿನಿಂದ ನೀರು ಹಿಂದಕ್ಕೆ ಸೋರುವುದರ ಫಲವಿದು. ಒಬ್ಬರ ಭಾರಕ್ಕೆ ಅಷ್ಟಾಗಿ ತೋರದ ಈ ದೋಷ ಇಬ್ಬರು ಕುಳಿತರೆ ಎದ್ದು ಕಾಣುತ್ತದೆ. ಆದುದರಿಂದ ನಾನೂ ಜಾಕೆಟ್ ತೊಟ್ಟು ಮಗನ ಹಿಂದೆ ಕುಳಿತೆ. ಜಾರುವಿಕೆ ಇನ್ನೂ ಸ್ಪಷ್ಟವಾಯಿತು. ಆದರೆ ಒಮ್ಮೆ ಹಿಡಿತ ಸಿಕ್ಕಿದ ಮೇಲೆ ಎಂಜಿನ್ನಿನಲ್ಲಿ ನಡುಕವಿರಲಿಲ್ಲ, ಬಿಸಿಯ ಎಚ್ಚರಿಕೆ ಬರಲಿಲ್ಲ, ಹೊಗೆಯಿರಲಿಲ್ಲ. ಈ ವಿಷಯವನ್ನು ನನ್ನ ಮನೆಯವರಿಗೆ ತಿಳಿಸಿದ್ದು ದಾವಣಗೆರೆಗೆ ಮರಳಿದ ಮೇಲೆಯೇ.

ಇನ್ನು ನನ್ನ ದೃಷ್ಟಿಯಲ್ಲಿ ಅತ್ಯಂತ ಮುಖ್ಯವಾದ ಪರೀಕ್ಷೆಯನ್ನು ಹೇಳಬೇಕು. ಅದು ವಾಹನದ ದೋಷವನ್ನು ಹುಡುಕುವಂಥದಲ್ಲ, ಸ್ವಭಾವವನ್ನು ತಿಳಿಯುವಂಥದು. ಜೆಟ್ ಸ್ಕೀಗೆ ದಿಕ್ಕು ಕೊಡುವುದು ಹಿಂದಕ್ಕೆ ಚಿಮ್ಮುವ ನೀರೆಂದು ಆಗಲೇ ಹೇಳಿದೆನಷ್ಟೆ. ಆಕ್ಸಿಲರೇಟರನ್ನು ಪೂರ್ತಿ ಬಿಟ್ಟರೆ ನೀರು ಚಿಮ್ಮುವುದು ನಿಲ್ಲುತ್ತದೆ. ಆಗ ಹ್ಯಾಂಡಲನ್ನು ಎಷ್ಟು ತಿರುಗಿಸಿದರೂ ವಾಹನ ತಿರುಗುವುದಿಲ್ಲ. ವೇಗ ಇಳಿಯುವವರೆಗೆ ನೆಟ್ಟಗೆ ಮುಂದಕ್ಕೇ ಜಾರುತ್ತದೆ. ರಸ್ತೆಯಲ್ಲಿ ಅಡ್ಡ ಬಂದುದನ್ನು ಕಂಡರೆ ನಾವು ಆಕ್ಸಿಲರೇಟರ್ ಬಿಟ್ಟು ಹ್ಯಾಂಡಲ್ ತಿರುಗಿಸುತ್ತೇವೆ. ಅದು ಕೈಗೆ ರೂಢಿಯಾಗಿ ಹೋಗಿರುವ ವಿದ್ಯೆ. ನೀರಿನ ಮೇಲೆ ಅದೇ ವಿದ್ಯೆ ಪ್ರಾಣಕ್ಕೆ ಎರವಾಗುತ್ತದೆ. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯು 1998ರಲ್ಲಿ ಈ ವಾಹನಗಳ ಅಪಘಾತಗಳನ್ನು ಕುರಿತು ಒಂದು ಅಧ್ಯಯನವನ್ನು ಪ್ರಕಟಿಸಿತು. ಬೇರೆ ವಿಹಾರ ದೋಣಿಗಳಲ್ಲಿ ಸಾವಿಗೆ ಮುಖ್ಯ ಕಾರಣ ನೀರಿನಲ್ಲಿ ಮುಳುಗುವುದು. ಈ ವಾಹನಗಳಲ್ಲಿ ಮಾತ್ರ ಡಿಕ್ಕಿಯಿಂದಾಗುವ ಪೆಟ್ಟು ಎಂದು ಅದು ಎತ್ತಿ ತೋರಿಸಿತು. ಆ ಬಳಿಕ ಬಂದ ಹಲವು ಮಾದರಿಗಳಲ್ಲಿ ಈ ಕುಂದನ್ನು ತಗ್ಗಿಸುವ ಏರ್ಪಾಡುಗಳಿವೆ. 2009ರಿಂದ ಈಚೆಗೆ ಕೆಲವಕ್ಕೆ ಬ್ರೇಕೂ ಬಂದಿದೆ. ನಾವು ನೋಡುತ್ತಿದ್ದ ವಾಹನದಲ್ಲಿ ಬ್ರೇಕು ಇರಲಿಲ್ಲ.

ಯಜಮಾನರು ದಾರ ಕಟ್ಟಿದ ಖಾಲಿ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಕೊಟ್ಟರು. ಜನರಿಲ್ಲದ ಕಡೆ, ತೀರದಿಂದ ದೂರದಲ್ಲಿ ಅದನ್ನು ತೇಲಬಿಟ್ಟು, ಮಗ ಸಾಧಾರಣ ವೇಗದಲ್ಲಿ ಅದರತ್ತ ಬಂದು ಆಕ್ಸಿಲರೇಟರ್ ಬಿಟ್ಟು ಹ್ಯಾಂಡಲ್ ತಿರುಗಿಸಿದ. ವಾಹನ ನೇರವಾಗಿ ಹೋಗಿ ಡಬ್ಬಿಯ ಮೇಲೆಯೇ ಹಾಯಿತು. ಎರಡನೆಯ ಸಲ ಆಕ್ಸಿಲರೇಟರನ್ನು ತುಸು ಹಿಡಿದೇ ತಿರುಗಿಸಿದ. ವಾಹನ ಡಬ್ಬಿಯನ್ನು ಬಳಸಿಕೊಂಡು ಹೋಯಿತು. ದಂಡೆಯಲ್ಲಿ ನನ್ನ ಪಕ್ಕದಲ್ಲಿ ನಿಂತಿದ್ದ ಮೊಮ್ಮಗ ಬಹಳ ಹೊತ್ತು ಸುಮ್ಮನಿದ್ದು, "ತಾತ, ಆ ಡಬ್ಬಿಯ ಜಾಗದಲ್ಲಿ ಯಾರಾದರೂ ಈಜುತ್ತಿದ್ದರೆ?" ಎಂದು ಕೇಳಿದ. ಪ್ರಮಾಣಪತ್ರದ ಪಾಠದಲ್ಲಿ ಅವನು ಇದನ್ನು ಓದಿಯೇ ಇದ್ದ. ಓದಿದುದು ಕಣ್ಣಿಗೆ ಕಂಡದ್ದು ಆ ಗಳಿಗೆಯಲ್ಲಿ. ಅವನು ಆ ಪ್ರಶ್ನೆಯನ್ನು ಕೇಳದೇ ಹೋಗಿದ್ದರೆ, ಯಂತ್ರ ಎಷ್ಟೇ ಸರಿಯಿದ್ದರೂ ನಾನು ಬೇಡವೆಂದೇ ಹೇಳುತ್ತಿದ್ದೆ.

ಓಡಾಟ ಮುಗಿದ ಮೇಲೆ ಆಸನವನ್ನು ಮತ್ತೆ ಎತ್ತಿ ಒಡಲಿನೊಳಗೆ ನೀರು ಸೇರಿದೆಯೇ ಎಂದು ನೋಡಿದೆವು. ದಂಡವು ಒಡಲಿನಿಂದ ಹೊರಹೋಗುವಲ್ಲಿನ ಸೀಲು ಕೆಟ್ಟಿದ್ದರೆ ಆಗ ತಿಳಿಯುತ್ತದೆ. ಒಳಗೆ ಒಂದು ಲೋಟದಷ್ಟೂ ನೀರಿರಲಿಲ್ಲ. ಕೊನೆಯದಾಗಿ ಕಾಗದಪತ್ರ. ಒಡಲಿನ ಸಂಖ್ಯೆ, ಹಕ್ಕುಪತ್ರದ ಸಂಖ್ಯೆ, ನೋಂದಣಿಯ ಸಂಖ್ಯೆ ಒಂದೇ ಆಗಿದ್ದವು. ಅದರ ಮೇಲೆ ಯಾವ ಬ್ಯಾಂಕಿನ ಸಾಲವೂ ಇರಲಿಲ್ಲ. ಟ್ರೇಲರಿನ ಕಾಗದವನ್ನೂ ಬೇರೆಯಾಗಿ ನೋಡಿದೆವು. ಹೆಸರು ಬದಲಿಸುವಾಗ ಸರ್ಕಾರಕ್ಕೆ ಕೊಡಬೇಕಾದ ನೂರಕ್ಕೆ ಆರರ ತೆರಿಗೆಯನ್ನೂ ಮಗ ಲೆಕ್ಕಕ್ಕೆ ಸೇರಿಸಿಕೊಂಡ. ಯಜಮಾನರು 5,800 ಡಾಲರ್ ಕೇಳಿದ್ದರು. ಇಂಪೆಲ್ಲರಿನ ದುರಸ್ತಿಗೂ ಹೊಸ ವೇರ್ ರಿಂಗಿಗೂ ತಗಲುವ ವೆಚ್ಚವನ್ನು ಮಗ ವಿವರಿಸಿದಾಗ, ಮರುಮಾತಿಲ್ಲದೆ 500 ಡಾಲರ್ ಬಿಟ್ಟುಕೊಟ್ಟರು. ಜೊತೆಗೆ ಆ ನೋಟುಪುಸ್ತಕವನ್ನೂ ಡಬ್ಬಿಯನ್ನೂ ಮೊಮ್ಮಗನ ಕೈಗಿತ್ತರು.

ಸೊಸೆಯ ಒಪ್ಪಿಗೆ ಮೂರು ಕಟ್ಟಳೆಗಳ ಮೇಲೆ ದೊರೆಯಿತು. ಹದಿನಾರು ತುಂಬದ ಹುಡುಗರು ಓಡಿಸಬೇಕಾದರೆ ತಂದೆತಾಯಿ ಅಥವಾ ಅವರು ನೇಮಿಸಿದ ವಯಸ್ಕರು ಜೊತೆಯಲ್ಲಿಯೋ 100 ಅಡಿಯ ಒಳಗೋ ಇರಬೇಕೆಂಬುದು ಅಲ್ಲಿಯ ಕಾನೂನು. ಆಕೆ ಅದನ್ನು ಬಿಗಿಗೊಳಿಸಿ ತಂದೆ ಹಿಂದಿನ ಆಸನದಲ್ಲಿಯೇ ಕೂರಬೇಕೆಂದಳು. ಡಬ್ಬಿಯನ್ನು ತೇಲಬಿಟ್ಟು ಇಪ್ಪತ್ತು ಸಲ ಅದನ್ನು ತಪ್ಪಿಸಿ ತೋರಿಸುವವರೆಗೆ ಹುಡುಗನಿಗೆ ಬೇರೆ ಓಡಾಟವಿಲ್ಲ. ಹಾಗೂ, ಪ್ರತಿ ಸಲ ಓಡಿಸಿದ ಮೇಲೆ ನೋಟುಪುಸ್ತಕದಲ್ಲಿ ಅವನೇ ಬರೆಯಬೇಕು. ಹುಡುಗ ಮೂರಕ್ಕೂ ಒಪ್ಪಿದ. ಆ ಬೇಸಿಗೆ ಮುಗಿಯುವವರೆಗೆ ಮೂರನ್ನೂ ನಡೆಸಿಕೊಟ್ಟ.

ಓದುಗ ಬಂಧುಗಳಲ್ಲಿ ಬಹುಮಂದಿ ಇಂತಹ ವಾಹನವನ್ನು ಕೊಳ್ಳಲಾರರು, ಕೊಳ್ಳಬೇಕಾದ ಅಗತ್ಯವೂ ಇಲ್ಲ. ಆದರೆ ರಜೆಯಲ್ಲಿ ಮಕ್ಕಳೊಡನೆ ನಮ್ಮ ಕರಾವಳಿಗೆ ಹೋದಾಗ ಹತ್ತು ನಿಮಿಷದ ಸವಾರಿಗೆ ಹಣ ಕೊಡುವವರು ಅನೇಕರಿದ್ದಾರೆ. ಅವರೂ ಒಂದರ್ಥದಲ್ಲಿ ಕೊಳ್ಳುವವರೇ. ಹತ್ತುವ ಮುನ್ನ ಅರ್ಧ ನಿಮಿಷ ನಿಂತು ನೋಡಲಿ: ಮಗುವಿನ ಮೈಗೆ ಹೊಂದುವ ಲೈಫ್ ಜಾಕೆಟ್ ಕೊಟ್ಟಿದ್ದಾರೆಯೇ, ಅದರ ಪಟ್ಟಿಗಳನ್ನು ಬಿಗಿದಿದ್ದಾರೆಯೇ, ಓಡಿಸುವವನ ಮಣಿಕಟ್ಟಿನಲ್ಲಿ ಆ ಹಗ್ಗ ಇದೆಯೇ, ಜನರು ಸ್ನಾನ ಮಾಡುತ್ತಿರುವ ಕಡೆಯಿಂದ ಅವನು ದೂರ ಓಡಿಸುತ್ತಾನೆಯೇ. ಇವುಗಳಲ್ಲಿ ಒಂದು ಇಲ್ಲದಿದ್ದರೂ ಮಗುವಿನ ಕೈಹಿಡಿದು ಹಿಂದಿರುಗಲಿ. ಮಗು ಒಂದು ಗಳಿಗೆ ಮುನಿಸಿಕೊಂಡೀತು. ಅದಕ್ಕೆ ಮರಳಿನ ಮೇಲೆ ಕೂತು ತಿನ್ನುವ ಒಂದು ಜೋಳದ ತೆನೆ ಸಾಕು.